ಕೆಲಸಕ್ಕೆ ಅಡ್ಡಿಯಾಗದಂತೆ

"ಇದೇನು ನಿಮ್ಮಪ್ಪನ ಮನೆ ಜಗಲಿ ಅಂದ್ಕೊಂಡ್ಯಾ, ಗೋಡೆಗೆ ಬೆನ್ನು ಕೊಟ್ಟು ನಿಂತಿದೀಯಲ್ಲ? ನೆಟ್ಟಗೆ ನಿಲ್ಲೇ, ಮುಂಡೇದೆ."

ಪರದೆ ಬಟ್ಟೆ ನೋಡಲು ಬಂದಿದ್ದ ತಾಯಿ ಮಗಳ ಎದುರಿಗೇ ಅಂಗಡಿಯ ಮ್ಯಾನೇಜರ್ ಅಂದ. ಮಗಳು ಕೂಡಲೇ ಬಟ್ಟೆಯ ಅಂಚನ್ನು ಪರೀಕ್ಷಿಸುವುದರಲ್ಲಿ ಮುಳುಗಿದಳು. ತಾಯಿ ಮಾತ್ರ ಇದೂ ಅಂಗಡಿಯವರು ಕೊಡುವ ಸೇವೆಯಲ್ಲೇ ಸೇರಿದೆ ಎಂಬಂತೆ ನಿಂತಿದ್ದಳು. ಅಳತೆಯಕ್ಕ ಗೋಡೆಯಿಂದ ಬೆನ್ನು ಕಿತ್ತು ನೆಟ್ಟಗಾದಳು. ಎಡಗಾಲಿನ ಹರಡಿನ ಮೇಲೆ ಕಟ್ಟಿದ್ದ ಪಟ್ಟಿಯೊಳಗೆ ಏನೋ ಬೆಚ್ಚಗೆ ಇಳಿದದ್ದು ತಿಳಿಯಿತು.

ಅವಳಿಗೆ ಆ ಹೆಸರು ಬಂದದ್ದು ಈ ಅಂಗಡಿಯಲ್ಲೇ. ಹತ್ತೊಂಬತ್ತು ವರ್ಷ ಬಟ್ಟೆ ಅಳೆದೂ ಅಳೆದೂ ಈಗ ಅಳತೆಕೋಲು ಮುಟ್ಟದೆಯೇ ಯಾವ ಕಿಟಕಿಗೆ ಎಷ್ಟು ಬಟ್ಟೆ ಬೇಕು ಎಂದು ಹೇಳಬಲ್ಲಳು. ಬೈದವನಿಗೂ ಒಂದು ಹೆಸರಿತ್ತು. ಮೂರು ಮಹಡಿಯ ಬೀಗದ ಕೈಗಳೆಲ್ಲ ಅವನ ಸೊಂಟದಲ್ಲಿ ಜೋತಾಡುತ್ತಿದ್ದುದರಿಂದ ಹೆಂಗಸರು ಅವನನ್ನು ಗೊಂಚಲು ಎನ್ನುತ್ತಿದ್ದರು. ಎದುರಿಗೆ ಸಾರ್.

ತಾಯಿ ಮಗಳು ಏನೂ ಕೊಳ್ಳದೆ ಹೋದ ಮೇಲೆ ಗೊಂಚಲು ಹತ್ತಿರ ಬಂದ.

"ಆ ಶಾಸಕಿ ಮೇಡಮ್ಮನ ಪುಸ್ತಕದಲ್ಲಿ ಫೋಟೊ ಬಂದಿದೆ ಅಂತ ಹಾರಾಡಬೇಡ. ನಿನ್ನ ತೆಗೆಯೋಕೆ ಯಜಮಾನ್ರು ಯಾವತ್ತೋ ಹೂಂ ಅಂದಾಗಿದೆ. ಚುನಾವಣೆ ಒಂದು ಮುಗೀಲಿ ಅಂದಿದಾರೆ ಅಷ್ಟೆ. ಫಲಿತಾಂಶ ಬಂದ ಮಾರನೇ ದಿನ ನೀನು, ನಿನ್ನ ಕಾಲು, ನಿನ್ನ ಪಟ್ಟಿ, ಎಲ್ಲ ಆಚೆ."

"ನಾನೇನು ತಪ್ಪು ಮಾಡ್ದೆ ಸಾರ್?"

"ಬಟ್ಟೆ ಅಂಗಡೀಲಿ ಕೀವಿನ ವಾಸನೆ ಬಂದ್ರೆ ಯಾವನು ಬರ್ತಾನೆ ಕೊಳ್ಳೋಕೆ?"

ವಾಸನೆ ಬರುತ್ತಿರಲಿಲ್ಲ. ದಿನಕ್ಕೆರಡು ಸಲ ಪಟ್ಟಿ ಬದಲಿಸುತ್ತಿದ್ದಳು, ಬಿಸಿನೀರಿನಲ್ಲಿ ಕುದಿಸಿ ಒಣಗಿಸುತ್ತಿದ್ದಳು. ಆದರೂ ಅವನು ಹಾಗಂದ ಮೇಲೆ ದಿನವಿಡೀ ತನ್ನನ್ನೇ ತಾನು ಮೂಸಿಕೊಳ್ಳುವ ಹಾಗಾಯಿತು. ಕೋಪ ಬಂದಾಗ ಬಟ್ಟೆ ಸುತ್ತುವುದು ಅವಳ ಅಭ್ಯಾಸ. ಗಿರಾಕಿಗಳು ಎಳೆದು ಹಾಕಿ ಹೋಗಿದ್ದ ಹನ್ನೊಂದು ಬಟ್ಟೆ ತಾನುಗಳನ್ನು ಒಂದೊಂದಾಗಿ ಬಿಗಿದು ಸುತ್ತಿ ಕಪಾಟಿಗೆ ಏರಿಸಿದಳು. ಒಂದೊಂದು ತಾನೂ ಆರೇಳು ತಿಂಗಳ ಮಗುವಿನಷ್ಟು ಭಾರ.

ಆಸ್ಪತ್ರೆಯ ಡಾಕ್ಟರು ಸುತ್ತಿ ಬಳಸಿ ಹೇಳುವವರಲ್ಲ. ಕಾಲಿಗೆ ವಿಶ್ರಾಂತಿ ಕೊಟ್ಟರೆ ಹುಣ್ಣು ಮಾಯುತ್ತೆ, ಹೀಗೇ ದಿನಕ್ಕೆ ಹನ್ನೊಂದು ಗಂಟೆ ನಿಂತರೆ ಮೂಳೆಗೆ ಇಳಿಯುತ್ತೆ, ಆಮೇಲೆ ಕತ್ತರಿಸೋದೊಂದೇ ದಾರಿ ಎಂದಿದ್ದರು. ಕೂತರೆ ಕೆಲಸ ಹೋಗುತ್ತದೆ, ನಿಂತರೆ ಕಾಲು ಹೋಗುತ್ತದೆ. ಗೊಂಚಲಿನ ಮಾತು ಕೇಳಿದ ಮೇಲೆ ನಿಂತರೂ ಕೆಲಸ ಹೋಗುತ್ತದೆ ಎಂದಾಯಿತು.

ಹಾಗೆಂದು ಅಂಗಡಿಯಲ್ಲಿ ಕುರ್ಚಿ ಇರಲಿಲ್ಲ ಎನ್ನುವ ಹಾಗಿಲ್ಲ. ಆರು ಕುರ್ಚಿ ಇದ್ದವು, ಸರ್ಕಾರದ ಕಾನೂನಿನ ಪ್ರಕಾರ ತಂದವು. ಅವುಗಳ ಕಥೆ ಬೇರೆಯೇ ಇದೆ.

*

ಶಾಸಕಿ ಕೆಟ್ಟವಳಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವಳಾಗಿದ್ದರೆ ನಾಲ್ಕು ಮಾತು ಬೈದುಕೊಂಡು ನೆಮ್ಮದಿಯಾಗಿ ಇರಬಹುದಿತ್ತು.

ನಾಲ್ಕು ವರ್ಷದ ಹಿಂದೆ, ಗೆದ್ದ ಮರುವರ್ಷ, ಅವಳು ತಾನಾಗಿಯೇ ಅಳತೆಯಕ್ಕನ ಮನೆ ಹುಡುಕಿಕೊಂಡು ಬಂದಿದ್ದಳು. ಹಿಂದೆ ಬಾಲಬಡುಕರಿಲ್ಲ, ಮುಂದೆ ಕ್ಯಾಮೆರಾ ಇಲ್ಲ. ಶಾಸಕಿಯಾಗುವ ಮೊದಲು ವಕೀಲೆ, ಕಾರ್ಖಾನೆಯಿಂದ ಹೊರಹಾಕಿದವರ ಮೊಕದ್ದಮೆಗಳನ್ನು ನಡೆಸುತ್ತಿದ್ದವಳು. ಒಂದೂವರೆ ಕೋಣೆಯ ಮನೆಯಲ್ಲಿ ಇದ್ದೊಂದು ಕುರ್ಚಿಯನ್ನು ಮುಂದೆ ಮಾಡಿದರೆ, "ನೀವು ಕೂತ್ಕೊಳ್ಳಿ ಅಕ್ಕ, ನಾನು ದಿನವಿಡೀ ಸದನದಲ್ಲಿ ಕೂತೇ ಇರ್ತೀನಿ" ಎಂದು ನೆಲದ ಮೇಲೆ ಕೂತಳು. ಕಾಲು ತೋರಿಸಿ ಎಂದಳು. ಆಗಿನ್ನೂ ಹುಣ್ಣಾಗಿರಲಿಲ್ಲ, ನರಗಳು ಉಬ್ಬಿ ಗಂಟುಗಂಟಾಗಿ ನೀಲಿಗಟ್ಟಿದ್ದವು. ಅವಳು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದಳು. ಕಣ್ಣಲ್ಲಿ ನೀರಾಡಿತು. ಚೌಕಾಸಿ ಮಾಡುವಾಗ ಅಳುವ ಗಿರಾಕಿಗಳನ್ನು ಬೇಕಾದಷ್ಟು ಕಂಡಿದ್ದ ಅಳತೆಯಕ್ಕನಿಗೆ ಇದು ನಾಟಕದ ನೀರಲ್ಲ ಎಂದು ಗೊತ್ತಾಯಿತು.

ಆಮೇಲೆ ಅವಳು ಸದನದಲ್ಲಿ ಎದ್ದು ನಿಂತು ಮುಕ್ಕಾಲು ಗಂಟೆ ಮಾತಾಡಿದಳು. "ಒಬ್ಬ ಅಕ್ಕನ ಕಾಲು ನೋಡಿ ಬಂದಿದ್ದೇನೆ" ಎಂದು ಶುರು ಮಾಡಿದಳಂತೆ. ವರ್ಷ ತುಂಬುವುದರೊಳಗೆ ಕಾನೂನಾಯಿತು. ಅಂಗಡಿಗಳಲ್ಲಿ ನಿಂತು ದುಡಿಯುವವರಿಗೆ ಕೂರಲು ಕುರ್ಚಿ ಕೊಡಲೇಬೇಕು. ಪತ್ರಿಕೆಯವರು ಕುರ್ಚಿ ಕಾನೂನು ಎಂದು ಕರೆದರು. ಅಂದು ಅಳತೆಯಕ್ಕ ಕೆಲಸದಿಂದ ಮನೆಯವರೆಗೆ ಕುಂಟದೆ ನಡೆದುಕೊಂಡು ಹೋಗಿದ್ದಳು.

ಕುರ್ಚಿಗಳು ಬಂದವು. ಪ್ಲಾಸ್ಟಿಕ್ ಹೊದಿಕೆ ಸಮೇತ ಗೋಡೆಯ ಪಕ್ಕ ಸಾಲಾಗಿ ಕೂತವು. ಮೇಲೆ 'ಸಿಬ್ಬಂದಿಗಾಗಿ' ಎಂಬ ಫಲಕ. ಅದರ ಪಕ್ಕದಲ್ಲಿ ಗೊಂಚಲು ಕಾನೂನಿನ ಸಾಲನ್ನೇ ಅಚ್ಚು ಮಾಡಿಸಿ, ಗಾಜು ಹಾಕಿಸಿ ತೂಗುಹಾಕಿದ: 'ಕೆಲಸಕ್ಕೆ ಅಡ್ಡಿಯಾಗದಂತೆ ಕುಳಿತುಕೊಳ್ಳಲು ಅವಕಾಶ ಕಲ್ಪಿಸತಕ್ಕದ್ದು.'

"ಓದಿದ್ರಾ? ಕೆಲಸಕ್ಕೆ ಅಡ್ಡಿಯಾಗದಂತೆ" ಎಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಾಠ ಮಾಡಿದ. "ಗಿರಾಕಿ ಇದ್ದಾಗ ಕೂತ್ರೆ ಕೆಲಸಕ್ಕೆ ಅಡ್ಡಿ. ಗಿರಾಕಿ ಇಲ್ಲದಾಗ ಕೂತ್ರೆ, ಬರೋ ಗಿರಾಕಿಗೆ ಅಡ್ಡಿ. ಇವೆರಡೂ ಅಲ್ಲದ ಹೊತ್ತಲ್ಲಿ ಧಾರಾಳವಾಗಿ ಕೂತ್ಕೊಳ್ಳಿ. ಕಾನೂನು ನಾವು ಮೀರೋರಲ್ಲ."

ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರು ಬಂದು ಕುರ್ಚಿ ಎಣಿಸಿದ. ಆರು. ಬರೆದುಕೊಳ್ಳಲು ಅನುಕೂಲವಾಗಲೆಂದು ಅವುಗಳಲ್ಲೊಂದರ ಮೇಲೆ ಕೂತ. ಆಮೇಲೆ ಹೆಂಡತಿಯರ ಜತೆ ಬಂದ ಗಂಡಂದಿರು ಕೂತು ತೂಕಡಿಸಿದರು. ಮೂರು ವರ್ಷದಲ್ಲಿ ಸಿಬ್ಬಂದಿಯಲ್ಲಿ ಒಬ್ಬಳೂ ಕೂತಿರಲಿಲ್ಲ.

ಕೂರುವ ಜಾಗ ಬೇರೆ ಇತ್ತು. ಪರದೆ ಬಟ್ಟೆಯ ಕಪಾಟಿನ ಹಿಂದೆ ಬೋರಲು ಹಾಕಿದ ಒಂದು ಮರದ ಪೆಟ್ಟಿಗೆ. ಸರದಿಯ ಪ್ರಕಾರ ಒಬ್ಬೊಬ್ಬಳೇ ಹೋಗಿ ನೂರು ಎಣಿಸುವಷ್ಟು ಹೊತ್ತು ಕೂತು ಬರುವುದು. ಕಾವಲು ಎದುರಿನ ಗುಂಡಿ ಕೌಂಟರಿನ ಹುಡುಗಿಯದು. ಗೊಂಚಲೋ ಯಜಮಾನನೋ ಬರುವುದು ಕಂಡರೆ ಅವಳು ಗುಂಡಿಗಳ ಡಬ್ಬಿಯನ್ನು ಗಲಗಲ ಅಲ್ಲಾಡಿಸುತ್ತಿದ್ದಳು. ಸದ್ದು ತಲೆಗೆ ಹೋಗುವ ಮೊದಲೇ ಕಾಲಿಗೆ ಹೋಗಿ ಮೈ ಎದ್ದು ನಿಂತಿರುತ್ತಿತ್ತು. ಮನೆಯಲ್ಲಿ ಮಗು ಗಿಲಕಿ ಆಡಿಸಿದರೂ ಎದ್ದು ನಿಲ್ಲುತ್ತೇವೆ ಎಂಬುದು ಅವರವರಲ್ಲೇ ಓಡಾಡುವ ತಮಾಷೆಯಾಗಿತ್ತು. ತಮಾಷೆ ಎಂದು ಹೇಳುತ್ತಿದ್ದರು, ನಿಜ.

*

ಪುಸ್ತಕವನ್ನು ಗಂಡ ತಂದಿದ್ದ. ಅವನು ಒಂದು ಬ್ಯಾಂಕಿನ ಬಾಗಿಲಲ್ಲಿ ಕಾವಲುಗಾರ. ಬೆಳಗಿನಿಂದ ಸಂಜೆಯವರೆಗೆ ಸ್ಟೂಲಿನ ಮೇಲೆ ಕೂತಿರುವುದೇ ಅವನ ಕೆಲಸ.

"ಕೂತು ಕೂತು ಸೊಂಟ ಬಿದ್ದುಹೋಯ್ತು ಕಣೇ" ಎಂದು ಚಪ್ಪಲಿ ಬಿಡುತ್ತ ಅಂದ.

"ನನ್ನ ಮುಂದೆ ಆ ಮಾತಾಡಬೇಡಿ ಅಂತ ಎಷ್ಟು ಸಲ ಹೇಳಿದೀನಿ."

"ಸರಿ, ಇದು ನೋಡು. ನಮ್ಮ ಮನೆಯವಳು ಏಳನೇ ಪುಟದಲ್ಲಿ."

ದಪ್ಪ ನುಣುಪು ಕಾಗದದ ಪುಸ್ತಕ. ಐದು ವರ್ಷದಲ್ಲಿ ಶಾಸಕಿ ಮಾಡಿದ್ದೇನು ಎಂಬ ಲೆಕ್ಕ. ಶಾಲೆಗಳಿಗೆ ಶೌಚಾಲಯ ಕಟ್ಟಿಸಿದ್ದು, ಹೆರಿಗೆ ವಾರ್ಡಿಗೆ ಹಾಸಿಗೆ ಹೆಚ್ಚಿಸಿದ್ದು, ಕೊಳಚೆ ಬಡಾವಣೆಗೆ ನೀರು ತಂದದ್ದು. ಎಲ್ಲ ನಿಜವೇ. ಅಳತೆಯಕ್ಕನ ಮನೆಯ ನಲ್ಲಿಯಲ್ಲಿ ನೀರು ಬರುತ್ತಿದ್ದುದೂ ಅವಳಿಂದಲೇ. ಏಳನೇ ಪುಟದಲ್ಲಿ ಎಡಕ್ಕೆ ಅಳತೆಯಕ್ಕನ ಹಳೆಯ ಕಾಲು (ಸದನದಲ್ಲಿ ತೋರಿಸಲೆಂದು ಶಾಸಕಿ ಆಮೇಲೆ ತೆಗೆಸಿಕೊಂಡಿದ್ದ ಫೋಟೊ), ಬಲಕ್ಕೆ ಒಂದು ಖಾಲಿ ಕುರ್ಚಿ. ಕೆಳಗೆ 'ಅಂದು, ಇಂದು' ಎಂದು ಬರೆದಿತ್ತು.

ಅವಳು ಪಟ್ಟಿ ಬಿಚ್ಚಿ ಕಾಲನ್ನು ಬಕೆಟ್ಟಿನ ಮೇಲಿಟ್ಟಳು. ಗಂಡ ಹತ್ತಿಯನ್ನು ಔಷಧಿಯಲ್ಲಿ ಅದ್ದಿ ಹುಣ್ಣಿನ ಅಂಚನ್ನು ಒರೆಸತೊಡಗಿದ. ಈ ಕೆಲಸದಲ್ಲಿ ಅವನದು ಎತ್ತಿದ ಕೈ. ಒಂದು ಸಲವೂ ಮುಖ ಸಿಂಡರಿಸುವುದಿಲ್ಲ.

"ಗುರುವಾರ ಬರ್ತಾಳಂತೆ" ಅಂದಳು. "ಅಂಗಡಿಗೇ. ನಾವು ಕೂತಿರೋ ಹಾಗೆ ವಿಡಿಯೊ ಮಾಡ್ತಾರಂತೆ, ಪ್ರಚಾರಕ್ಕೆ. ಅವತ್ತು ಎಲ್ಲ ಹೇಳಿಬಿಡ್ತೀನಿ. ಆ ಸಾಲೊಂದು ತೆಗೆಸು ಅಂತೀನಿ. ನನ್ನ ಕೆಲಸದ ವಿಷಯಾನೂ ಹೇಳ್ತೀನಿ."

"ಎಲ್ಲರ ಮುಂದೆ ಹೇಳಬೇಡ. ಆ ಕಡೆಯವನು ಗೆದ್ರೆ ಕಾನೂನೇ ಕಿತ್ತು ಹಾಕ್ತೀನಿ ಅಂತ ಊರೆಲ್ಲ ಬೊಗಳ್ತಿದಾನೆ. ಕುರ್ಚಿ ಅಂದ್ರೆ ಸೋಮಾರಿಗಳಿಗೆ ಪರವಾನಗಿ ಅಂತೆ. ನೀನು ಬಾಯಿ ಬಿಟ್ರೆ ಅವನಿಗೇ ಲಾಭ."

"ಹಾಗಾದ್ರೆ ನಾನು ಯಾವಾಗ ಬಾಯಿ ಬಿಡೋದು? ಕಾಲು ಕತ್ತರಿಸಿದ ಮೇಲಾ?"

ಅವನು ಕೈ ತೊಳೆದು ಬಂದ. ಹೊಸ ಪಟ್ಟಿಯನ್ನು ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಸುತ್ತಿ ಗಂಟು ಹಾಕಿದ.

*

ಗುರುವಾರ ಅಂಗಡಿ ತೆರೆಯುವ ಎರಡು ಗಂಟೆ ಮೊದಲೇ, ಎಂಟಕ್ಕೆ ಎಲ್ಲರೂ ಬರಬೇಕೆಂದು ಅಪ್ಪಣೆಯಾಗಿತ್ತು. ಗೊಂಚಲು ತಾನೇ ನಿಂತು ಕುರ್ಚಿಗಳ ಪ್ಲಾಸ್ಟಿಕ್ ಹರಿದ. ಒಳಗಿನ ಹಸಿರು ಬಟ್ಟೆ ಅಂಗಡಿಗೆ ಬಂದ ದಿನದಂತೆಯೇ ಫಳಫಳ ಹೊಳೆಯಿತು. ಆರು ಕೌಂಟರಿಗೆ ಆರು ಕುರ್ಚಿ. ಆರು ಜನ ನೀಲಿ ಮೇಲಂಗಿ ತೊಟ್ಟು ಕೂತರು. ಮೊದಲ ಐದು ನಿಮಿಷ ಯಾರಿಗೂ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಮೆತ್ತಗಿದೆ ಅಲ್ವಾ ಅಕ್ಕ?" ಗುಂಡಿ ಕೌಂಟರಿನ ಹುಡುಗಿ ಪಿಸುಗುಟ್ಟಿದಳು.

"ಮಾತಾಡಬೇಡ. ಕೂತ್ಕೊ. ಮತ್ತೆ ಯಾವತ್ತೋ."

ಶಾಸಕಿ ಬಂದಳು. ನಾಲ್ಕು ವರ್ಷದಲ್ಲಿ ಕೂದಲು ಅರ್ಧ ಬೆಳ್ಳಗಾಗಿತ್ತು, ಪ್ರಚಾರದಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿತ್ತು. ಅಳತೆಯಕ್ಕನ ಗುರುತು ಹಿಡಿದು ನೇರ ಬಂದು ಎರಡೂ ಕೈ ಹಿಡಿದುಕೊಂಡಳು. ಜತೆಗಿದ್ದ ವಿಡಿಯೊದವನು ಬೆಳಕು ಸರಿಮಾಡಿಕೊಂಡು ವಿವರಿಸಿದ. ಇವರೆಲ್ಲ ಕೂತು ಕೆಲಸ ಮಾಡುತ್ತಿರುತ್ತಾರೆ, ಮೇಡಂ ಮತ್ತು ಅಂಗಡಿಯ ಯಜಮಾನರು ಮಾತಾಡುತ್ತ ಬಾಗಿಲಿನಿಂದ ಒಳಗೆ ನಡೆದು ಬರುತ್ತಾರೆ, ಅಷ್ಟೆ.

ಯಜಮಾನ ಒಳಗೆ ಕಾಲಿಟ್ಟ. ಆರೂ ಜನ ಎದ್ದು ನಿಂತರು.

"ಕಟ್" ಎಂದ ವಿಡಿಯೊದವನು. "ಏಳಬಾರದು ಅಮ್ಮ. ನೀವು ಕೂತೇ ಇರಬೇಕು."

ಎಲ್ಲರಿಗೂ ನಗು ಬಂತು. ಶಾಸಕಿಯೂ ನಕ್ಕಳು. ಎರಡನೇ ಸಲ ಯಜಮಾನ ಬಾಗಿಲು ದಾಟಿದ. ಮತ್ತೆ ಆರೂ ಜನ ನಿಂತಿದ್ದರು. ಹೇಗೆ ಎದ್ದೆವೆಂದು ಅವರಿಗೇ ಗೊತ್ತಾಗಲಿಲ್ಲ. ಮೂರನೇ ಸಲ ಕಣ್ಣು ಮುಚ್ಚಿಕೊಂಡಿರಿ ಎಂದರೆ, ಯಜಮಾನನ ಬೂಟಿನ ಸದ್ದಿಗೇ ಎದ್ದರು.

"ನಮ್ಮ ಹುಡುಗೀರಿಗೆ ದೊಡ್ಡವರು ಅಂದ್ರೆ ಗೌರವ ಮೇಡಂ" ಎಂದು ಯಜಮಾನ ಬೀಗಿದ. "ನಾನೇನು ಕಲಿಸಿದ್ದಲ್ಲ, ತಾನಾಗೇ ಬಂದಿರೋದು."

ಯಜಮಾನನನ್ನು ಬೀದಿಗೆ ಕಳಿಸಿದರು. ಶಾಸಕಿ ಒಬ್ಬಳೇ ನಡೆದು ಬರಲಿ ಎಂದಾಯಿತು. ಅರ್ಧ ದಾರಿಗೆ ಬಂದಿದ್ದಳು, ಮೂಲೆಯಲ್ಲಿ ನಿಂತಿದ್ದ ಗೊಂಚಲು ಮೂಗು ಒರೆಸಿಕೊಳ್ಳಲು ಕರವಸ್ತ್ರ ತೆಗೆದ. ಸೊಂಟದ ಕೀಲಿಗಳು ಝಲ್ಲೆಂದವು. ಆರೂ ಜನ ಎದ್ದರು.

ವಿಡಿಯೊದವನು ತಲೆ ಚಚ್ಚಿಕೊಂಡ. "ಅಂಟು ಹಾಕಿ ಕೂರಿಸಬೇಕಾ ಇವರನ್ನ?" ಎಂದವನಿಗೆ ಒಂದು ಉಪಾಯ ಹೊಳೆಯಿತು. ಒಬ್ಬೊಬ್ಬರ ತೊಡೆಯ ಮೇಲೆ ಒಂದೊಂದು ತಾನು ಇಡಿಸಿದ. "ಕೆಲಸ ಮಾಡ್ತಿರೋ ಹಾಗೂ ಕಾಣುತ್ತೆ, ಏಳೋಕೂ ಆಗಲ್ಲ." ಈ ಸಲ ಬೀದಿಯಲ್ಲಿದ್ದ ಯಜಮಾನ ಒಳಗೆ ಏನು ನಡೆದಿದೆ ನೋಡೋಣವೆಂದು ಗಾಜಿನ ಬಾಗಿಲಲ್ಲಿ ಇಣುಕಿದ. ಆರು ತಾನುಗಳೂ ನೆಲಕ್ಕೆ ಬಿದ್ದು ಉರುಳಿದವು. ಹಳದಿ, ಬೂದು, ಹೂವಿನ ಚಿತ್ತಾರದ ಪರದೆ ಬಟ್ಟೆಗಳು ಬಿಚ್ಚಿಕೊಳ್ಳುತ್ತ ಬಾಗಿಲಿನವರೆಗೂ ಹಾಸಿಕೊಂಡವು.

ಯಾರೂ ನಗಲಿಲ್ಲ. ಅಳತೆಯಕ್ಕನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ತನ್ನ ಕಾಲು ತನ್ನ ಮಾತು ಕೇಳುತ್ತಿಲ್ಲ. ತಿನ್ನುವುದು ತನ್ನ ಮನೆಯ ಅನ್ನ, ಮಾತು ಕೇಳುವುದು ಆ ಬೋಳಿಮಗನ ಬೂಟಿನದು. ಹತ್ತೊಂಬತ್ತು ವರ್ಷದಲ್ಲಿ ಅವರು ಬರೀ ದುಡಿಮೆ ತೆಗೆದುಕೊಂಡಿರಲಿಲ್ಲ ಎಂಬುದು ಆಗ ಅವಳಿಗೆ ಅರ್ಥವಾಯಿತು. ಬಗ್ಗಿ ತಾನು ಸುತ್ತತೊಡಗಿದಳು.

ಶಾಸಕಿ ಅವಳ ಪಕ್ಕ ಬಂದು ಬಗ್ಗಿ ಬಟ್ಟೆಯ ಇನ್ನೊಂದು ತುದಿ ಹಿಡಿದಳು. "ಐದು ನಿಮಿಷ ಎಲ್ಲರೂ ಆಚೆ ಹೋಗಿ" ಎಂದು ಉಳಿದವರಿಗೆ ಹೇಳಿದಳು.

*

"ಯಾಕೆ ಅಕ್ಕ? ಕುರ್ಚಿ ಬಂದು ಮೂರು ವರ್ಷ ಆಯ್ತಲ್ಲ" ಎಂದವಳು ಅಲ್ಲಿಗೇ ತಡೆದಳು. ವಕೀಲೆಯ ಕಣ್ಣು. ಕುರ್ಚಿಯ ಕಾಲಿಗೆ ಇನ್ನೂ ಅಂಟಿಕೊಂಡಿದ್ದ ಪ್ಲಾಸ್ಟಿಕ್ ಚೂರನ್ನು ನೋಡಿದಳು. "ಒಂದು ದಿನಾನೂ ಕೂತಿಲ್ವಾ?"

"ಇನ್ಸ್‌ಪೆಕ್ಟರು ಕೂತಿದ್ರು. ನಾವು ಇವತ್ತೇ ಮೊದಲು."

"ನನಗೆ ಒಂದು ಕಾಗದ ಬರೀಬಹುದಿತ್ತಲ್ಲ."

"ಮೂರು ಬರೆದೆ ಮೇಡಂ. ನಿಮ್ಮ ಕಚೇರಿಯಿಂದ ಉತ್ತರಾನೂ ಬಂತು, ದೂರನ್ನ ಸಂಬಂಧಪಟ್ಟವರಿಗೆ ಕಳಿಸಲಾಗಿದೆ ಅಂತ. ಒಂದು ವಾರ ಆದ್ಮೇಲೆ ನಾನು ಬರೆದ ಕಾಗದ ನಮ್ಮ ಮ್ಯಾನೇಜರ್ ಕೈಲಿತ್ತು. ಎಲ್ಲರ ಮುಂದೆ ಓದಿದ. ನನ್ನ ಕಾಗುಣಿತ ತಪ್ಪಿದ್ದಲ್ಲೆಲ್ಲ ನಿಲ್ಲಿಸಿ ನಿಲ್ಲಿಸಿ ಓದಿದ."

ಶಾಸಕಿ ಬಟ್ಟೆಯ ತುದಿಯನ್ನು ಕೈಯಲ್ಲಿ ಹಿಡಿದೇ ಕೂತಳು. ಅಳತೆಯಕ್ಕ ಬಗ್ಗಿ ಪಟ್ಟಿಯನ್ನು ಸ್ವಲ್ಪ ಸರಿಸಿ ತೋರಿಸಿದಳು. ಈ ಸಲ ಶಾಸಕಿ ಮುಟ್ಟಲಿಲ್ಲ.

"ಆ ಸಾಲು ತೆಗೆಸಿಬಿಡಿ ಮೇಡಂ. ಕೆಲಸಕ್ಕೆ ಅಡ್ಡಿಯಾಗದಂತೆ ಅನ್ನೋದು. ಅದೊಂದೇ ನಮ್ಮನ್ನ ತಿಂತಿರೋದು. ಯಾವ ಹಾಳಾದವನು ಅದನ್ನ ಒಳಗೆ ತೂರಿಸಿದ್ನೋ."

"ನಾನೇ ಬರೆದದ್ದು ಅದನ್ನ."

ಅಳತೆಯಕ್ಕ ಸುತ್ತುವುದನ್ನು ನಿಲ್ಲಿಸಿದಳು.

"ಸದನದಲ್ಲಿ ಅರ್ಧಕ್ಕರ್ಧ ಅಂಗಡಿ, ಕಾರ್ಖಾನೆ ಇಟ್ಟಿರೋರು ಅಕ್ಕ. ನಾಲ್ಕು ಮತ ಕಮ್ಮಿ ಇತ್ತು. ಆ ಎರಡು ಪದ ಸೇರಿಸಿದೆ, ನಾಲ್ಕು ಮತ ಬಂತು. ಇಲ್ಲದಿದ್ರೆ ಕಾನೂನೇ ಇರ್ತಿರಲಿಲ್ಲ. ಆಮೇಲೆ ತಿದ್ದೋಣ ಅಂದ್ಕೊಂಡೆ. ಆಮೇಲೆ ನೀರಿನ ಜಗಳ ಬಂತು, ಆಸ್ಪತ್ರೆದು ಬಂತು. ಇನ್ನೊಂದು ಐದು ವರ್ಷ ಸಿಕ್ಕರೆ ಮೊದಲು ಮಾಡೋ ಕೆಲಸ ಅದೇ. ಆಣೆ ಮಾಡಿ ಹೇಳ್ತೀನಿ."

ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೇ ಅಳತೆಯಕ್ಕನಿಗೆ ಇನ್ನಷ್ಟು ಸಂಕಟವಾಯಿತು. ಗೋಡೆಗೆ ಹಣೆ ಚಚ್ಚಿಕೊಂಡರೆ ಗೋಡೆಯನ್ನಾದರೂ ಬೈಯಬಹುದು. ಇಲ್ಲಿ ಬೈಯಲು ಹೋದರೆ ಎದುರಿಗೆ ಇರುವುದು ತನ್ನ ಕಡೆಯ ಒಬ್ಬಳೇ ಒಬ್ಬಳು.

"ನೀವು ಬರೆದ ಆ ಎರಡು ಪದದ ಮೇಲೆ ನಾನು ಮೂರು ವರ್ಷ ನಿಂತಿದೀನಿ ಮೇಡಂ. ಇನ್ನು ಐದು ವರ್ಷ ನನ್ನ ಕಾಲು ಇರಲ್ಲ. ಅಷ್ಟೆಲ್ಲ ಯಾಕೆ, ಫಲಿತಾಂಶದ ಮಾರನೇ ದಿನ ನನ್ನ ತೆಗೀತಾರಂತೆ. ನಿಮ್ಮ ಪುಸ್ತಕದಲ್ಲಿ ಫೋಟೊ ಇದೆ ಅಂತ ಅಲ್ಲೀವರೆಗೆ ಇಟ್ಕೊಂಡಿದಾರೆ."

ಶಾಸಕಿಯ ಮುಖ ಕೆಂಪಾಯಿತು. ಎದ್ದವಳೇ ಬಾಗಿಲು ತೆರೆದು ಯಜಮಾನನನ್ನು ಒಳಗೆ ಕರೆದಳು. ಅಳತೆಯಕ್ಕನ ಕಾಲು ಆಗಲೇ ನೆಟ್ಟಗಾಗಿತ್ತು.

"ಇವರನ್ನ ಕೆಲಸದಿಂದ ತೆಗೀತೀರಂತೆ?"

"ಯಾರು ಮೇಡಂ ಹಾಗಂದೋರು? ಇವಳು ನಮ್ಮ ಅಂಗಡಿಗೆ ಮನೆಮಗಳಿದ್ದ ಹಾಗೆ." ಯಜಮಾನ ಅಳತೆಯಕ್ಕನ ಕಡೆ ತಿರುಗಿ ನಕ್ಕ. "ಅಲ್ವೇನಮ್ಮ? ಏನೋ ತಪ್ಪು ತಿಳ್ಕೊಂಡಿದಾಳೆ. ಅಂದ ಹಾಗೆ ಮೇಡಂ, ಭಾನುವಾರದ ವರ್ತಕರ ಸಭೆಗೆ ಮೇಲಿನ ಹಾಲ್ ಸಿದ್ಧ ಮಾಡಿಸಿದೀನಿ. ಐನೂರು ಜನ ಬರ್ತಾರೆ."

 ಏನೋ ಹೇಳಲು ಹೊರಟ ಶಾಸಕಿ ಗಡಿಯಾರ ನೋಡಿಕೊಂಡಳು. "ಅವರ ಮಾತು ನೆನಪಿರಲಿ" ಎಂದಷ್ಟೇ ಹೇಳಿದಳು. ಯಾರ ಮಾತು, ಯಾರಿಗೆ ನೆನಪಿರಬೇಕು ಎಂದು ಅಳತೆಯಕ್ಕನಿಗೆ ತಿಳಿಯಲಿಲ್ಲ.

*

ಕೊನೆಗೆ ನಡೆದು ಬರುವುದೇ ಬೇಡವೆಂದಾಯಿತು. ಯಜಮಾನನೂ ಗೊಂಚಲೂ ಬೀದಿಯಾಚೆ ಹೋಗಿ ನಿಂತರು. ಉಳಿದ ಐವರು ಒಳಗೆ ಬಂದು ಮತ್ತೆ ಕುರ್ಚಿಗಳಲ್ಲಿ ಕೂತರು. ಅಳತೆಯಕ್ಕ ಕುರ್ಚಿಯಲ್ಲಿ ಕೂತು ಕ್ಯಾಮೆರಾ ನೋಡಿ ಒಂದೇ ಮಾತು ಹೇಳಬೇಕು: ಮೊದಲು ನಿಂತಿದ್ದೆ, ಈಗ ಕೂತಿದೀನಿ.

"ಹೇಳಿ ಅಮ್ಮ."

"ಮೊದಲು ನಿಂತಿದ್ದೆ. ಈಗ ಕೂತಿದೀನಿ, ಬೆಳಿಗ್ಗೆ ಎಂಟು ಗಂಟೆಯಿಂದ."

"ಎಂಟು ಗಂಟೆ ಬೇಡ. ಬರೀ ಕೂತಿದೀನಿ ಅನ್ನಿ."

"ಮೊದಲು ನಿಂತಿದ್ದೆ. ಇವತ್ತು ಬೆಳಿಗ್ಗೆ ಎಂಟರಿಂದ ಕೂತಿದೀನಿ. ಹತ್ತಕ್ಕೆ ಏಳಬೇಕು."

ಅವನು ಶಾಸಕಿಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು.  ವಿಡಿಯೊದವನು ತನ್ನ ಸಹಾಯಕನಿಗೆ, "ಮುಖ ಬೇಡ, ಕುರ್ಚಿಯ ಕಾಲು, ಇವರ ಕಾಲು ತಗೋ. ಮಾತು ಆಮೇಲೆ ಯಾರ ಕೈಲಾದ್ರೂ ಹೇಳಿಸೋಣ" ಎಂದ. ಪಟ್ಟಿ ಕಟ್ಟಿದ ಕಾಲನ್ನು ಹಿಂದಕ್ಕೆ ಸರಿಸಿಕೊಳ್ಳಲು ಹೇಳಿ, ಬಲಗಾಲನ್ನು ಮಾತ್ರ ತೆಗೆದರು.

ಹೊರಡುವಾಗ ಶಾಸಕಿ ಅವಳ ಹೆಗಲು ಮುಟ್ಟಿದಳು. "ನನ್ನ ಮೇಲೆ ಕೋಪ ಇದ್ರೂ ಮತ ಹಾಕಿ ಅಕ್ಕ." ಗಂಟಲು ಪೂರ್ತಿ ಒಡೆದಿತ್ತು.

"ಹಾಕ್ತೀನಿ. ಬೇರೆ ಯಾರಿದಾರೆ ನಮಗೆ?" ಅಂದಳು ಅಳತೆಯಕ್ಕ. 

ಕಾರು ಹೋಯಿತು. ಹತ್ತು ಗಂಟೆ. ಗೊಂಚಲು ಶಟರನ್ನು ಪೂರ್ತಿ ಎತ್ತಿ ಚಪ್ಪಾಳೆ ತಟ್ಟಿದ.

"ಆಯ್ತಲ್ಲ ಮಹಾರಾಣಿಯರ ದರ್ಬಾರು? ಏಳಿ. ಕುರ್ಚಿ ಗೋಡೆಗೆ."

ಐವರು ಎದ್ದು ಕುರ್ಚಿ ಎತ್ತಿಕೊಂಡರು. ಅಳತೆಯಕ್ಕ ಏಳಲಿಲ್ಲ.

ಏಳಬಾರದೆಂದು ಯೋಚಿಸಿ ಮಾಡಿದ್ದಲ್ಲ. ಎರಡು ಗಂಟೆ ಕೂತದ್ದಕ್ಕೆ ಕಾಲಿನ ನೋವು ಸುಮ್ಮನಾಗಿತ್ತು. ನಡುನಡುವೆ ಎದ್ದೆದ್ದು ಕೂತರೂ ಸುಮ್ಮನಾಗಿತ್ತು. ಎಷ್ಟು ತಿಂಗಳಾಯಿತೋ ಹೀಗಾಗಿ. ಇಷ್ಟೇ ಸಾಕಿತ್ತಲ್ಲ, ಇಷ್ಟಕ್ಕೆ ಸದನ, ಮಸೂದೆ, ನಾಲ್ಕು ಮತ, ಏಳನೇ ಪುಟ ಎಲ್ಲ ಬೇಕಾಯಿತಲ್ಲ ಎಂದು ಅವಳಿಗೆ ಹೊಟ್ಟೆ ಉರಿದುಹೋಯಿತು. ಹೇಗೂ ತೆಗೆಯುತ್ತಾರೆ. ತೆಗೆಯುವವರು ಕೂತವಳನ್ನೇ ತೆಗೆಯಲಿ ಅನ್ನಿಸಿತು.

"ಏಯ್, ಕಿವಿ ಕೇಳಲ್ವಾ?" ಗೊಂಚಲು ಬಂದು ಕುರ್ಚಿಯ ಕಾಲಿಗೆ ಒದ್ದ. ಕೀಲಿಗಳು ಝಲ್ಲೆಂದವು. ಅವಳ ತೊಡೆಗಳು ತಾವಾಗಿಯೇ ಬಿಗಿದು ಮೈ ನಾಲ್ಕು ಬೆರಳು ಮೇಲೆದ್ದಿತು. ಎರಡೂ ಕೈಯಿಂದ ಕುರ್ಚಿಯ ಅಂಚು ಹಿಡಿದು ತನ್ನನ್ನು ತಾನೇ ಕೆಳಗೆಳೆದುಕೊಂಡಳು.

"ಕೆಲಸಕ್ಕೆ ಏನು ಅಡ್ಡಿಯಾಗಿದೆ ಹೇಳಿ ಸಾರ್, ಏಳ್ತೀನಿ."

"ಯಜಮಾನ್ರನ್ನ ಕರೀತೀನಿ ನೋಡು."

"ಕರೀರಿ."

ಗೊಂಚಲು ಬಾಗಿಲ ಕಡೆಗೆ ಹೋದ. ಅಷ್ಟರಲ್ಲಿ ದಿನದ ಮೊದಲ ಗಿರಾಕಿ, ಕೈಚೀಲ ಹಿಡಿದ ಒಬ್ಬ ಹೆಂಗಸು, ಪರದೆ ಬಟ್ಟೆಯ ಕೌಂಟರಿಗೆ ಬಂದು ಬೂದು ಬಣ್ಣದ ತಾನನ್ನು ಮುಟ್ಟಿ ನೋಡತೊಡಗಿದಳು. ಹೊರಗೆ ಯಜಮಾನನ ಬೂಟು ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು. ಒಂದು, ಎರಡು.  ಅಳತೆಯಕ್ಕನ ಕೈ ಬೆವರಿ ಕುರ್ಚಿಯ ಅಂಚಿನಿಂದ ಜಾರುತ್ತಿತ್ತು. ಈ ಸದ್ದಿಗೆ ತನ್ನ ಮೈ ಹಿಡಿತದಲ್ಲಿರುವುದಿಲ್ಲ, ಎದ್ದುಬಿಡುತ್ತದೆ ಎಂದು ಅವಳಿಗೆ ಖಚಿತವಾಯಿತು.

"ಏ, ಇಲ್ಲಿ ಬಾರೇ" ಎಂದು ಗುಂಡಿ ಕೌಂಟರಿನ ಹುಡುಗಿಯನ್ನು ಕರೆದಳು. ಹುಡುಗಿ ಕುರ್ಚಿಯನ್ನು ಎದೆಗವಚಿಕೊಂಡು ಗೋಡೆಯ ಬಳಿ ನಿಂತಿದ್ದವಳು ಅದನ್ನು ಅಲ್ಲೇ ಇಳಿಸಿ ಬಂದಳು. "ಹಿಂದೆ ನಿಂತು ನನ್ನ ಹೆಗಲು ಹಿಡ್ಕೊ. ಒತ್ತಿ ಹಿಡಿ. ಏಳೋಕೆ ಬಿಡಬೇಡ ನನ್ನ."

"ಅಕ್ಕ, ನನ್ನ ಕೆಲಸ..."

"ಗೊತ್ತು ಕಣೇ. ಆದ್ರೆ ಹಿಡಿ, ಇಲ್ಲದಿದ್ರೆ ಹೋಗು. ಬೇಗ."

ಹುಡುಗಿ ಬಾಗಿಲು ನೋಡಿದಳು. ಯಜಮಾನ ಒಳಗೆ ಬಂದಾಗಿತ್ತು, ಗೊಂಚಲು ಹಿಂದಿನಿಂದ ಏನೋ ಹೇಳುತ್ತಿದ್ದ. ಅವಳು ಅಳುಮುಖ ಮಾಡಿಕೊಂಡೇ ಅಳತೆಯಕ್ಕನ ಹಿಂದೆ ಹೋಗಿ ಎರಡೂ ಹೆಗಲ ಮೇಲೆ ಕೈಯಿಟ್ಟಳು. ಯಜಮಾನ ಹತ್ತಿರವಾದಂತೆ ಕೈಕೆಳಗಿನ ಮೈ ಏಳಲು ಹವಣಿಸುವುದು ಅವಳಿಗೆ ಗೊತ್ತಾಯಿತು. ತನ್ನ ಭಾರವನ್ನೆಲ್ಲ ಹಾಕಿ ಒತ್ತಿದಳು.

ಯಜಮಾನ ಬಂದು ಕೌಂಟರಿಗೆ ಹೊಟ್ಟೆ ತಾಗಿಸಿ ನಿಂತ.  ಅವನಿಗೆ ಎಂದೂ ಏನೂ ಅನ್ನುವ ಅಗತ್ಯ ಬಿದ್ದಿರಲಿಲ್ಲ, ಬಂದು ನಿಂತರೆ ಸಾಕಿತ್ತು. ಅಳತೆಯಕ್ಕನ ಹಣೆಯಲ್ಲಿ ಬೆವರು ಇಳಿಯಿತು, ಕತ್ತಿನ ನರ ಎದ್ದು ಕಂಡಿತು. ಹುಡುಗಿ ಹಲ್ಲು ಕಚ್ಚಿ ಇನ್ನಷ್ಟು ಬಗ್ಗಿ ಒತ್ತಿದಳು.

ಅಳತೆಯಕ್ಕ ಕತ್ತು ವಾಲಿಸಿ, ಯಜಮಾನನ ಪಕ್ಕದಿಂದ ಗಿರಾಕಿಯ ಕಡೆ ನೋಡಿದಳು.

"ಕಿಟಕಿ ಎಷ್ಟಗಲ ಇದೆ ಅಮ್ಮ?" ಎಂದು ಕೇಳಿದಳು.